ಎದೆಗೆ ಚುಚ್ಚಿದ ಕಾಗದದ ನಕ್ಷತ್ರ: ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆಯ ಮಾನ್ಯ ಆಯುಕ್ತರಿಗೆ, ಹಾಗೂ ಬೆಂಗಳೂರಿನ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರಿಗೆ ಮತ್ತು ಆಡಳಿತ ಮಂಡಳಿಯವರಿಗೆ,

ವಿಷಯ: ಜನಾಂಗಹತ್ಯೆಗಳನ್ನೂ ಅವುಗಳಲ್ಲಿ ಬದುಕುಳಿದವರ ಅನುಭವಗಳನ್ನೂ ಕುರಿತು ಶಾಲೆಗಳಲ್ಲಿ ನಡೆಯುತ್ತಿರುವ ಕಾರ್ಯಕ್ರಮಗಳ ರೀತಿ.

ಮಾನ್ಯರೇ,

ನಾನು 36 ವರ್ಷ ಬೆಂಗಳೂರಿನ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿ 2024ರಲ್ಲಿ ನಿವೃತ್ತನಾದವನು. ಬಸವನಗುಡಿಯ ಹತ್ತಿರ ನಾವು ಕೆಲವು ಗೆಳೆಯರು ಸೇರಿ ನಡೆಸುವ ಪುಟ್ಟ ವಾಚನಾಲಯವೊಂದಿದೆ. ಅಲ್ಲಿ ಶನಿವಾರ ಮಧ್ಯಾಹ್ನಗಳಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳೊಂದಿಗೆ ಕೂರುತ್ತೇನೆ. ಕಳೆದ ಶತಮಾನದಲ್ಲಿ ಇಡೀ ಜನಸಮುದಾಯಗಳನ್ನು ಅಳಿಸಿಹಾಕಲು ನಡೆದ ಯತ್ನಗಳನ್ನು, ಅವುಗಳಿಂದ ಉಳಿದುಬಂದವರ ಮಾತುಗಳ ಮೂಲಕವೇ ಮಕ್ಕಳಿಗೆ ತಿಳಿಸುವುದು ಆ ತರಗತಿಯ ಕೆಲಸ. ಇಂಥ ಕಾರ್ಯಕ್ರಮಗಳು ಬೇಡವೆಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಅವು ಇನ್ನೂ ಹೆಚ್ಚು ಶಾಲೆಗಳಲ್ಲಿ, ಅದರಲ್ಲೂ ಸರ್ಕಾರಿ ಶಾಲೆಗಳಲ್ಲಿ ನಡೆಯಬೇಕೆಂಬುದು ನನ್ನ ಆಸೆ. ಆದರೆ ಅವು ಈಗ ನಡೆಯುತ್ತಿರುವ ರೀತಿಯನ್ನು ಎರಡು ಕಡೆ ಕಣ್ಣಾರೆ ಕಂಡ ಮೇಲೆ ಸುಮ್ಮನಿರುವುದು ನನಗೆ ಸಾಧ್ಯವಾಗಲಿಲ್ಲ.

ಮೊದಲು ಪದದ ಬಗ್ಗೆ ಒಂದು ಮಾತು. ನಮ್ಮ ಪತ್ರಿಕೆಗಳೂ ಶಾಲಾ ಫಲಕಗಳೂ ‘ನರಮೇಧ’ ಎಂದು ಬರೆಯುತ್ತವೆ. ಮೇಧವೆಂದರೆ ಯಜ್ಞ. ಕೊಂದವರು ಯಾವ ಯಜ್ಞವನ್ನೂ ಮಾಡಲಿಲ್ಲ, ಸತ್ತವರು ಯಾವ ದೇವರಿಗೂ ಬಲಿಯಾಗಿ ಹೋಗಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಿಟ್ಲರನ ಜರ್ಮನಿ ನಡೆಸಿದ ಯಹೂದಿಗಳ ಹತ್ಯೆಗೆ ಬಳಸುವ ‘ಹೊಲೊಕಾಸ್ಟ್’ ಎಂಬ ಗ್ರೀಕ್ ಮೂಲದ ಪದಕ್ಕೂ ಬೆಂಕಿಗೆ ಅರ್ಪಿಸಿದ ಬಲಿಯೆಂಬ ಅರ್ಥವಿರುವುದರಿಂದಲೇ ಅನೇಕ ಯಹೂದಿಗಳು ಅದರ ಬದಲು, ಮಹಾವಿಪತ್ತು ಎಂಬರ್ಥದ ‘ಷೋವಾ’ ಎಂಬ ಹೀಬ್ರೂ ಪದವನ್ನು ಬಳಸುತ್ತಾರೆ. ನಾನು ಜನಾಂಗಹತ್ಯೆ ಎಂದೇ ಬರೆಯುತ್ತೇನೆ. ಈ ಅಪರಾಧಕ್ಕೆ 1944ರಲ್ಲಿ ಹೆಸರು ಕೊಟ್ಟವರು ಪೋಲೆಂಡಿನ ಯಹೂದಿ ನ್ಯಾಯವಾದಿ ರಾಫೆಲ್ ಲೆಮ್ಕಿನ್. ತಮ್ಮ ಕುಟುಂಬದ 49 ಮಂದಿಯನ್ನು ಕಳೆದುಕೊಂಡ ಆ ಮನುಷ್ಯ ಅದೊಂದು ಪದವನ್ನು ಹಿಡಿದುಕೊಂಡು ರಾಯಭಾರಿಯಿಂದ ರಾಯಭಾರಿಗೆ ಅಲೆದದ್ದರ ಫಲವಾಗಿ, 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಜನಾಂಗಹತ್ಯೆಯನ್ನು ತಡೆಯುವ ಮತ್ತು ಶಿಕ್ಷಿಸುವ ಒಪ್ಪಂದವನ್ನು ಅಂಗೀಕರಿಸಿತು. ಭಾರತ ಅದನ್ನು 1959ರಲ್ಲಿ ಅನುಮೋದಿಸಿತು. ಹಾಗೆ ನೋಡಿದರೆ ಇದು ನಮಗೆ ಹೊರಗಿನ ವಿಷಯವಲ್ಲ.

ಇನ್ನು ನಾನು ಕಂಡದ್ದನ್ನು ಹೇಳುತ್ತೇನೆ. ಯಹೂದಿಗಳನ್ನು ಕೊಲ್ಲಲು ಜರ್ಮನ್ನರು ಪೋಲೆಂಡಿನಲ್ಲಿ ನಡೆಸುತ್ತಿದ್ದ ಆಶ್ವಿಟ್ಜ್ ಶಿಬಿರವನ್ನು ಸೋವಿಯತ್ ಸೈನಿಕರು ಬಿಡುಗಡೆ ಮಾಡಿದ್ದು 1945ರ ಜನವರಿ 27ರಂದು. 2005ರಲ್ಲಿ ವಿಶ್ವಸಂಸ್ಥೆ ಆ ದಿನವನ್ನು ಸ್ಮರಣೆಯ ದಿನವೆಂದು ಘೋಷಿಸಿದ ಮೇಲೆ ನಮ್ಮ ನಗರದ ಕೆಲವು ಖಾಸಗಿ ಶಾಲೆಗಳಲ್ಲೂ ಅದನ್ನು ಆಚರಿಸುತ್ತಾರೆ. ಕಳೆದ ಜನವರಿಯ ಕೊನೆಯ ವಾರ ದಕ್ಷಿಣ ಬೆಂಗಳೂರಿನ ಒಂದು ಶಾಲೆಯವರು ನನ್ನನ್ನೂ ಕರೆದಿದ್ದರು. ಶಾಲೆಯ ಹೆಸರಾಗಲಿ, ಕಾರ್ಯಕ್ರಮ ನಡೆಸಿಕೊಟ್ಟ ಸ್ವಯಂಸೇವಾ ತಂಡದ ಹೆಸರಾಗಲಿ ಇಲ್ಲಿ ಬೇಡ. ಅವರ ಉದ್ದೇಶ ಒಳ್ಳೆಯದೇ ಆಗಿತ್ತೆಂದು ನಾನು ನಂಬಿದ್ದೇನೆ.

ಎಂಟನೆಯ ತರಗತಿಯ ಮಕ್ಕಳು ಸಭಾಂಗಣದ ಬಾಗಿಲಿಗೆ ಬರುತ್ತಿದ್ದಂತೆ ಅವರನ್ನು ಎರಡು ಸಾಲು ಮಾಡಿದರು. ಒಂದು ಸಾಲಿನವರ ಎದೆಗೆ ಹಳದಿ ಕಾಗದದ ನಕ್ಷತ್ರವನ್ನು ಗುಂಡುಸೂಜಿಯಿಂದ ಚುಚ್ಚಿದರು. ಇನ್ನೊಂದು ಸಾಲಿನ ಕೆಲವರಿಗೆ ಮರದ ಸ್ಕೇಲು ಕೊಟ್ಟು ‘ಕಾವಲುಗಾರರು’ ಎಂದರು. ನಕ್ಷತ್ರದವರು ವೇದಿಕೆಯ ಮೂಲೆಯಲ್ಲಿ ಕಟ್ಟಿದ್ದ ಹಗ್ಗದ ಹಿಂದೆ ಒತ್ತಾಗಿ ನಿಲ್ಲಬೇಕು, ಮಾತಾಡಬಾರದು, ಕಾವಲುಗಾರರು ಗದರಬೇಕು. ಮೊದಲ ಐದು ನಿಮಿಷ ಎಲ್ಲರೂ ನಗುತ್ತಿದ್ದರು. ಆಮೇಲೆ ಕಾವಲುಗಾರರು ಮಾತ್ರ ನಗುತ್ತಿದ್ದರು. ಒಬ್ಬ ಹುಡುಗ ಸ್ಕೇಲಿನಿಂದ ಮತ್ತೊಬ್ಬನ ಕಾಲಿಗೆ ನಿಜವಾಗಿಯೇ ಹೊಡೆದ. ನಂತರ ದೀಪ ಆರಿಸಿ ಪರದೆಯ ಮೇಲೆ ಹೆಣಗಳ ರಾಶಿಯ ಚಿತ್ರಗಳನ್ನು ತೋರಿಸಿದರು. ಮುಂದೆ ಕೂತಿದ್ದ ಹುಡುಗಿಯೊಬ್ಬಳು ಬಿಕ್ಕಿ ಬಿಕ್ಕಿ ಅಳತೊಡಗಿದಾಗ ನಿರೂಪಕರು, ‘ನೋಡಿ, ಮಕ್ಕಳ ಮನಸ್ಸು ಕರಗುತ್ತಿದೆ’ ಎಂದು ಮೈಕಿನಲ್ಲಿ ಹೇಳಿದರು. ಕೊನೆಗೆ ರಸಪ್ರಶ್ನೆ. ಸತ್ತ ಯಹೂದಿಗಳ ಸಂಖ್ಯೆ ಎಷ್ಟು ಎಂಬುದಕ್ಕೆ 60 ಲಕ್ಷ ಎಂದು ಮೊದಲು ಕೂಗಿದ ಹುಡುಗನಿಗೆ ಪೆನ್ನಿನ ಸೆಟ್ಟು ಬಹುಮಾನ ಸಿಕ್ಕಿತು. ಹೊರಗೆ ರಟ್ಟಿನಲ್ಲಿ ಮಾಡಿದ ಮುಳ್ಳುತಂತಿಯ ಚೌಕಟ್ಟಿತ್ತು. ಮಕ್ಕಳು ಅದರ ಹಿಂದೆ ನಿಂತು ಫೋಟೊ ತೆಗೆಸಿಕೊಂಡರು.

ಕಾರ್ಯಕ್ರಮ ಮುಗಿದ ಮೇಲೆ ನಕ್ಷತ್ರ ಚುಚ್ಚಿಸಿಕೊಂಡಿದ್ದ ಒಬ್ಬಳು ಹುಡುಗಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: ‘ಸರ್, ನಮ್ಮನ್ನೇ ಯಾಕೆ ಆ ಕಡೆ ನಿಲ್ಲಿಸಿದರು?’

ಆ ‘ನಮ್ಮನ್ನೇ’ ಎಂಬುದು ನನಗೆ ಆ ಕ್ಷಣ ಅರ್ಥವಾಗಲಿಲ್ಲ. ವಿಚಾರಿಸಿದಾಗ ತಿಳಿಯಿತು: ಆ ಸಾಲಿನಲ್ಲಿ ನಿಂತವರಲ್ಲಿ ಬಹುಪಾಲು ಮಕ್ಕಳು ಶಿಕ್ಷಣ ಹಕ್ಕು ಕಾಯ್ದೆಯಡಿ ಸೀಟು ಪಡೆದು ಸೇರಿದವರು, ಪಕ್ಕದ ಕಾಲೊನಿಯವರು. ಬೇಕೆಂದೇ ಹಾಗೆ ಯಾರೂ ಮಾಡಿರಲಿಲ್ಲ. ಸಾಲು ಮಾಡಿಸಿದ ಶಿಕ್ಷಕಿ, ‘ಹಿಂದಿನ ಬೆಂಚಿನವರೆಲ್ಲ ಈ ಕಡೆ ಬನ್ನಿ’ ಎಂದಿದ್ದರು, ಅಷ್ಟೇ. ಹಿಂದಿನ ಬೆಂಚಿನಲ್ಲಿ ಯಾರು ಕೂರುತ್ತಾರೆ, ಅಲ್ಲಿ ಅವರನ್ನು ಕೂರಿಸಿದವರು ಯಾರು ಎಂಬ ಪ್ರಶ್ನೆ ಆ ತನಕ ಆ ಶಾಲೆಯಲ್ಲಿ ಯಾರ ಮನಸ್ಸಿಗೂ ಬಂದಿರಲಿಕ್ಕಿಲ್ಲ. ಜನಾಂಗಹತ್ಯೆಯ ಬಗ್ಗೆ ಆ ದಿನ ಆ ಸಭಾಂಗಣದಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದವಳು ಹದಿಮೂರು ವರ್ಷದ ಆ ಹುಡುಗಿ ಒಬ್ಬಳೇ. ಅದನ್ನು ಕೇಳುವ ಜಾಗ ಕಾರ್ಯಕ್ರಮದಲ್ಲಿ ಎಲ್ಲೂ ಇರಲಿಲ್ಲ. ನಾನು ಆಗ ಕೊಟ್ಟ ಉತ್ತರ ತಕ್ಕದ್ದಾಗಿರಲಿಲ್ಲ. ‘ಅದು ಬರೀ ನಾಟಕ ಕಣಮ್ಮ’ ಎಂದುಬಿಟ್ಟೆ. ಆ ಮಾತಿನ ಬಗ್ಗೆ ಇಂದಿಗೂ ನನಗೆ ನಾಚಿಕೆಯಿದೆ.

ಮಾನ್ಯರೇ, ಮಕ್ಕಳನ್ನು ಬಲಿಪಶುಗಳನ್ನಾಗಿ, ಕೊಲೆಗಾರರನ್ನಾಗಿ ನಟಿಸುವಂತೆ ಮಾಡುವುದು ತಪ್ಪೆಂಬುದು ನನ್ನೊಬ್ಬನ ಅಭಿಪ್ರಾಯವಲ್ಲ. ವಾಷಿಂಗ್ಟನ್ನಿನಲ್ಲಿ 1993ರಲ್ಲಿ ತೆರೆದ ಹೊಲೊಕಾಸ್ಟ್ ಸ್ಮಾರಕ ವಸ್ತುಸಂಗ್ರಹಾಲಯ ಶಿಕ್ಷಕರಿಗೆ ಕೊಟ್ಟಿರುವ ಸೂಚನೆಗಳಲ್ಲಿ ಇಂಥ ಅಣಕು ಚಟುವಟಿಕೆಗಳು ಬೇಡವೆಂದು ಸ್ಪಷ್ಟವಾಗಿ ಹೇಳಿದೆ. ಹಗ್ಗದ ಹಿಂದೆ ಇಪ್ಪತ್ತು ನಿಮಿಷ ನಿಂತ ಮಗುವಿಗೆ ಆ ಜನರ ಅನುಭವದ ಸಾವಿರದಲ್ಲಿ ಒಂದು ಪಾಲೂ ದೊರೆಯುವುದಿಲ್ಲ. ಆದರೆ ತನಗೆ ಎಲ್ಲ ಅರ್ಥವಾಯಿತೆಂಬ ಭಾವನೆ ಮಾತ್ರ ಉಳಿಯುತ್ತದೆ. ಸ್ಕೇಲು ಹಿಡಿದ ಮಗು ಕಲಿಯುವುದು ಏನನ್ನು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಇದಕ್ಕಿಂತ ಆಳವಾದ ತಪ್ಪು ಇನ್ನೊಂದಿದೆ. ಆ ಕಾರ್ಯಕ್ರಮ ಹಳದಿ ನಕ್ಷತ್ರದಿಂದ ಆರಂಭವಾಯಿತು. ಜರ್ಮನಿಯಲ್ಲಿ ಯಹೂದಿಗಳು ನಕ್ಷತ್ರ ಧರಿಸಲೇಬೇಕೆಂಬ ಆಜ್ಞೆ ಹೊರಟದ್ದು 1941ರ ಸೆಪ್ಟೆಂಬರ್‌ನಲ್ಲಿ. ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರ ಜನವರಿಯಲ್ಲಿ. ನಡುವಿನ ಎಂಟು ವರ್ಷಗಳ ಸುದ್ದಿಯೇ ಅಲ್ಲಿ ಇರಲಿಲ್ಲ, ಮಕ್ಕಳು ಕಲಿಯಬೇಕಾದದ್ದು ಆ ಎಂಟು ವರ್ಷಗಳಲ್ಲೇ ಇದೆ. 1933ರ ಏಪ್ರಿಲ್‌ನಲ್ಲಿ ಯಹೂದಿ ಅಂಗಡಿಗಳಿಗೆ ಬಹಿಷ್ಕಾರ ಹಾಕಿದರು. ಅದೇ ತಿಂಗಳು ಯಹೂದಿಗಳನ್ನು ಸರ್ಕಾರಿ ನೌಕರಿಗಳಿಂದ ತೆಗೆಯುವ ಕಾನೂನು ಬಂತು. 1935ರ ನ್ಯೂರೆಂಬರ್ಗ್ ಕಾನೂನುಗಳು ಅವರ ಪೌರತ್ವವನ್ನು ಕಿತ್ತುಕೊಂಡವು, ಬೇರೆಯವರೊಂದಿಗೆ ಮದುವೆಯಾಗುವುದನ್ನು ಅಪರಾಧವೆಂದವು. 1938ರ ನವೆಂಬರ್‌ನಲ್ಲಿ ಒಂದು ರಾತ್ರಿ ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ ಬಿತ್ತು. ಅದಾದ ಕೆಲವೇ ದಿನಗಳಲ್ಲಿ ಯಹೂದಿ ಮಕ್ಕಳನ್ನು ಸರ್ಕಾರಿ ಶಾಲೆಗಳಿಂದ ಹೊರಹಾಕಿದರು. ಆಗ ಜರ್ಮನಿಯಲ್ಲಿ ಯಹೂದಿಗಳಿದ್ದದ್ದು ಜನಸಂಖ್ಯೆಯ ಶೇಕಡ ಒಂದಕ್ಕಿಂತ ಕಡಿಮೆ. ಪ್ರತಿಯೊಂದು ಹೆಜ್ಜೆಯಲ್ಲೂ ಪಟ್ಟಿ ಬರೆದ ಗುಮಾಸ್ತನಿದ್ದ, ಹಾಜರಿ ಪುಸ್ತಕದಲ್ಲಿ ಹೆಸರಿಗೆ ಗೆರೆ ಎಳೆದ ಶಿಕ್ಷಕನಿದ್ದ, ಪಕ್ಕದ ಬೆಂಚು ಖಾಲಿಯಾದದ್ದನ್ನು ಕಂಡ ಸಹಪಾಠಿಗಳಿದ್ದರು. ನಮ್ಮ ಶನಿವಾರದ ತರಗತಿಯಲ್ಲಿ ನಾವು ಮೂರು ವಾರ ಈ ಎಂಟು ವರ್ಷಗಳಲ್ಲೇ ಕಳೆಯುತ್ತೇವೆ. ಹೆಣಗಳ ಚಿತ್ರ ಒಂದನ್ನೂ ತೋರಿಸುವುದಿಲ್ಲ. ಖಾಲಿ ಬೆಂಚಿನ ಬಗ್ಗೆ ಮಾತಾಡುವಾಗ ಮಕ್ಕಳು ಕೂತಲ್ಲಿಂದ ಅಲ್ಲಾಡುವುದಿಲ್ಲ.

ಈ ಕಥೆಯ ಒಂದು ಎಳೆ ಬೆಂಗಳೂರಿಗೇ ಬಂದು ಸೇರುತ್ತದೆ ಎಂದರೆ ಮಕ್ಕಳಿಗೆ ಆಗುವ ಆಶ್ಚರ್ಯವನ್ನು ತಾವು ನೋಡಬೇಕು. ಬರ್ಲಿನ್ನಿನ ಯುವ ವಾಸ್ತುಶಿಲ್ಪಿ ಓಟ್ಟೊ ಕೋನಿಗ್ಸ್‌ಬರ್ಗರ್ ಯಹೂದಿಯಾದ ಕಾರಣಕ್ಕೆ 1933ರಲ್ಲಿ ಕೆಲಸ ಕಳೆದುಕೊಂಡು ದೇಶ ಬಿಟ್ಟರು. ಈಜಿಪ್ಟಿನಲ್ಲಿ ಕೆಲವು ವರ್ಷಗಳಿದ್ದು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಯ, ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಅದು ಟಾಟಾ ಇನ್‌ಸ್ಟಿಟ್ಯೂಟ್, ಆವರಣದ ಹಲವು ಕಟ್ಟಡಗಳು ಅವರ ವಿನ್ಯಾಸ. ಆಕಾಶವಾಣಿಯಲ್ಲಿ ಬೆಳಗಿನ ಪ್ರಸಾರ ಆರಂಭವಾಗುವಾಗ ಕೇಳುವ ಸಂಕೇತ ಸಂಗೀತವನ್ನು ರಚಿಸಿದ ವಾಲ್ಟರ್ ಕೌಫ್‌ಮನ್ ಕೂಡ ಹಾಗೆಯೇ ಯೂರೋಪು ಬಿಟ್ಟು ಮುಂಬೈಗೆ ಬಂದ ಯಹೂದಿ. ಸಂಸ್ಥೆಯ ಮುಕ್ತ ದಿನದಂದು ನಾವು ಮಕ್ಕಳನ್ನು ಕರೆದುಕೊಂಡು ಹೋಗಿ ಆ ಕಟ್ಟಡಗಳ ಮುಂದೆ ನಿಲ್ಲುತ್ತೇವೆ. ‘ಇವರು ಇಲ್ಲಿಗೆ ಬರದೇ ಇದ್ದಿದ್ದರೆ?’ ಎಂದು ಒಬ್ಬ ಹುಡುಗ ಕೇಳಿದ. ಅವನ ಜೊತೆಯವಳು, ‘ಬರೋಕೆ ಆಗದವರು ಏನಾದರು ಅಂತ ಕೇಳು’ ಎಂದು ಅವನನ್ನು ತಿದ್ದಿದಳು.

ಇನ್ನು ‘ನೀತಿ’ಯ ವಿಷಯ. ನಮ್ಮ ಮಕ್ಕಳು ಒಂದನೆಯ ತರಗತಿಯಿಂದಲೂ ಕಥೆಯ ಕೊನೆಯಲ್ಲಿ ‘ಈ ಕಥೆಯ ನೀತಿ ಏನು?’ ಎಂಬ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರಿಸಿ ಅಭ್ಯಾಸವಾದವರು. ನಾನು ಹೋದ ಆ ಶಾಲೆಯ ಗೋಡೆಯ ಮೇಲೂ ಅಂಥ ವಾಕ್ಯಗಳಿದ್ದವು. ಒಂದರಲ್ಲಿ ‘ಧೈರ್ಯವಿದ್ದವರು ಬದುಕುತ್ತಾರೆ’ ಎಂದಿತ್ತು. ಇದು ಸುಳ್ಳು, ಸತ್ತವರಿಗೆ ಮಾಡುವ ಅವಮಾನ ಕೂಡ. ಇಟಲಿಯ ರಸಾಯನ ವಿಜ್ಞಾನಿ ಪ್ರಿಮೊ ಲೆವಿಯವರನ್ನು ಆಶ್ವಿಟ್ಜ್‌ಗೆ ಸಾಗಿಸಿದ್ದು 1944ರಲ್ಲಿ. ತಾವು ಉಳಿದದ್ದು ಅದೃಷ್ಟದಿಂದ ಎಂದು ಅವರು ಜೀವನದುದ್ದಕ್ಕೂ ಹೇಳಿದರು. ಕೊನೆಯ ಚಳಿಗಾಲದಲ್ಲಿ ಪ್ರಯೋಗಾಲಯದೊಳಗೆ ಕೆಲಸ ಸಿಕ್ಕಿತು. 1945ರ ಜನವರಿಯಲ್ಲಿ, ನಡೆಯಬಲ್ಲ ಕೈದಿಗಳನ್ನೆಲ್ಲ ಹಿಮದಲ್ಲಿ ನಡೆಸಿಕೊಂಡು ಹೋದಾಗ, ಅವರು ಸ್ಕಾರ್ಲೆಟ್ ಜ್ವರದಿಂದ ಶಿಬಿರದ ಆಸ್ಪತ್ರೆಯಲ್ಲಿ ಮಲಗಿದ್ದರು. ಹಾಗೆ ನಡೆದು ಹೋದವರಲ್ಲಿ ಬಹಳ ಮಂದಿ ದಾರಿಯಲ್ಲೇ ಸತ್ತರು. ಕಾಯಿಲೆ ಬಿದ್ದದ್ದರಿಂದ ಬದುಕಿದ ಮನುಷ್ಯನ ಕಥೆಯಿಂದ ಧೈರ್ಯದ ನೀತಿಯನ್ನು ಹೇಗೆ ತೆಗೆಯುವುದು? ಆಶ್ವಿಟ್ಜ್‌ನಲ್ಲಿ ರೈಲಿನಿಂದ ಇಳಿದ ಪುಟ್ಟ ಮಕ್ಕಳಲ್ಲಿ ಹೆಚ್ಚಿನವರನ್ನು ಅಂದೇ ಕೊಂದರು. ಅವರಿಗೆ ಧೈರ್ಯವಿರಲಿಲ್ಲವೇ?

ಇನ್ನೊಂದು ಫಲಕದ ಮೇಲೆ, ಮನುಷ್ಯರೆಲ್ಲ ಒಳಗೊಳಗೆ ಒಳ್ಳೆಯವರೇ ಎಂಬರ್ಥದ, ಆನ್ ಫ್ರಾಂಕ್ ಎಂಬ ಯಹೂದಿ ಹುಡುಗಿಯ ಮಾತಿತ್ತು. ಅವಳು ತನ್ನ ದಿನಚರಿಯಲ್ಲಿ ಆ ಮಾತು ಬರೆದದ್ದು 1944ರ ಜುಲೈ 15ರಂದು, ಆಮ್‌ಸ್ಟರ್‌ಡ್ಯಾಮಿನ ಅಡಗುತಾಣದಲ್ಲಿ. ಪೊಲೀಸರು ಬಾಗಿಲಿಗೆ ಬಂದದ್ದು ಅದಾದ ಇಪ್ಪತ್ತು ದಿನಕ್ಕೆ, ಆಗಸ್ಟ್ 4ರಂದು. ಮುಂದಿನ ವರ್ಷದ ಆರಂಭದಲ್ಲಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಸಾಯುವಾಗ ಅವಳಿಗೆ ಹದಿನೈದು ವರ್ಷ. ಹಿಡಿದೊಯ್ದ ಮೇಲೆ ಅವಳು ಅದೇ ಮಾತನ್ನು ಹೇಳುತ್ತಿದ್ದಳೋ ಇಲ್ಲವೋ ಹೇಳಬಲ್ಲವರು ಯಾರೂ ಇಲ್ಲ. ತಾರೀಕನ್ನು ಕತ್ತರಿಸಿ ವಾಕ್ಯವನ್ನಷ್ಟೇ ಗೋಡೆಗೆ ಅಂಟಿಸಿದರೆ, ಅವಳ ಸಾವು ಕಾಣದೆ ಹೋಗುತ್ತದೆ. ನೋಡುವವರಿಗೆ ಸಮಾಧಾನ ಸಿಗುತ್ತದೆ, ಆ ಸಮಾಧಾನ ನಮಗೆ ಸಲ್ಲತಕ್ಕದ್ದಲ್ಲ.

ಎರಡನೆಯ ಘಟನೆ ನನಗೆ ಇನ್ನೂ ಹೆಚ್ಚು ನೋವು ಕೊಟ್ಟದ್ದು. ನಮ್ಮ ಬಡಾವಣೆಯಲ್ಲಿ 88 ವರ್ಷದ ಒಬ್ಬ ಅಜ್ಜಿ ಇದ್ದಾರೆ. ದೇಶ ವಿಭಜನೆಯ ಕಾಲದಲ್ಲಿ ಪಂಜಾಬಿನ ಆ ಭಾಗದಿಂದ ಈ ಭಾಗಕ್ಕೆ ಮಗುವಾಗಿದ್ದಾಗ ಬಂದವರು. ಐವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಬೆಂಗಳೂರಿನವರು. ನಮ್ಮ ತರಗತಿಗೆ ಬಂದು ಅವರು ಹಿಂದಿ ಬೆರೆತ ಕನ್ನಡದಲ್ಲಿ ಮಾತಾಡಿದರು. ತಮ್ಮ ಅಕ್ಕನ ಬಗ್ಗೆ ಹೇಳಲು ಹೊರಟವರು ಅರ್ಧಕ್ಕೆ ನಿಲ್ಲಿಸಿ, ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಊರಿನ ಬಾವಿಯ ಬಗ್ಗೆ, ಅದರ ನೀರಿನ ರುಚಿಯ ಬಗ್ಗೆ ಹೇಳಿದರು. ಅಕ್ಕನ ವಿಷಯಕ್ಕೆ ಮರಳಲಿಲ್ಲ. ಮಕ್ಕಳು ಕೇಳಲೂ ಇಲ್ಲ. ಒಬ್ಬ ಹುಡುಗ, ‘ಅವರನ್ನೆಲ್ಲ ಕ್ಷಮಿಸಿದ್ದೀರಾ ಅಜ್ಜಿ?’ ಎಂದಾಗ, ‘ಯಾರನ್ನು ಅಂತ ಕ್ಷಮಿಸಲಿ ಬೇಟಾ, ಮುಖ ಸಹ ನೋಡಿಲ್ಲ’ ಎಂದರು.

ಇದೇ ಅಜ್ಜಿಯನ್ನು ಮತ್ತೊಂದು ಶಾಲೆಯವರು ತಮ್ಮ ವಾರ್ಷಿಕೋತ್ಸವಕ್ಕೆ ಕರೆದೊಯ್ದರು. ಜೊತೆಗೆ ನಾನೂ ಹೋಗಿದ್ದೆ. ಸಮೂಹ ನೃತ್ಯಕ್ಕೂ ಬಹುಮಾನ ವಿತರಣೆಗೂ ನಡುವೆ ಅವರಿಗೆ ಏಳು ನಿಮಿಷ. ಅದಕ್ಕೂ ಮೊದಲು ಸಂಘಟಕರಲ್ಲಿ ಒಬ್ಬರು ಬಂದು, ‘ಕೊಂದವರು ಯಾವ ಧರ್ಮದವರು ಅನ್ನೋದನ್ನ ಒತ್ತಿ ಹೇಳಿ ಅಮ್ಮಾ’ ಎಂದರು. ಅಜ್ಜಿ ಏನೂ ಉತ್ತರಿಸಲಿಲ್ಲ. ವೇದಿಕೆಯ ಮೇಲೆ ಎರಡು ಮಾತಾಡಿ, ನಮ್ಮ ತರಗತಿಯಲ್ಲಿ ನಿಂತ ಜಾಗದಲ್ಲೇ ಮತ್ತೆ ನಿಂತರು. ಅರ್ಧ ನಿಮಿಷವೂ ಕಾಯದೆ ನಿರೂಪಕಿ ಅವರ ಕೈಯಿಂದ ಮೈಕು ತೆಗೆದುಕೊಂಡು, ‘ಇದರಿಂದ ನಾವು ಕಲಿಯುವ ಪಾಠವೇನೆಂದರೆ’ ಎಂದು ಆರಂಭಿಸಿದರು. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮರಳುವಾಗ ಆಟೋದಲ್ಲಿ ಅಜ್ಜಿ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಮನೆಯವರೆಗೂ ಒಂದು ಮಾತೂ ಆಡಲಿಲ್ಲ.

ಬದುಕುಳಿದವರ ಮೌನವೂ ಅವರ ಸಾಕ್ಷ್ಯದ ಭಾಗ. ಅದನ್ನು ತುಂಬುವ ಹಕ್ಕು ಮೈಕು ಹಿಡಿದವರಿಗೆ ಇಲ್ಲ. ಅವರ ನೋವನ್ನು ಇಂದಿನ ಯಾವುದೋ ಸಮುದಾಯದ ಮೇಲೆ ದ್ವೇಷ ಹುಟ್ಟಿಸಲು ಬಳಸುವುದಂತೂ, ಆ ನೋವಿಗೆ ಕಾರಣವಾದ ಕೆಲಸವನ್ನೇ ಇನ್ನೊಮ್ಮೆ ಆರಂಭಿಸಿದಂತೆ. ವಿಭಜನೆಯಲ್ಲಿ ಎರಡೂ ಕಡೆಯವರು ಸತ್ತರು, ಎರಡೂ ಕಡೆಯವರು ಕೊಂದರು. ಒಂದು ಕಡೆಯ ಹೆಣಗಳನ್ನಷ್ಟೇ ಎಣಿಸಲು ಮಕ್ಕಳಿಗೆ ಕಲಿಸಿದರೆ ಅದು ಇತಿಹಾಸದ ಪಾಠವಾಗುವುದಿಲ್ಲ. 2021ರಿಂದ ಆಗಸ್ಟ್ 14ನ್ನು ವಿಭಜನೆಯ ಸ್ಮರಣೆಯ ದಿನವಾಗಿ ಆಚರಿಸುತ್ತಿರುವುದರಿಂದ ಈ ಎಚ್ಚರ ಈಗ ಇನ್ನಷ್ಟು ಬೇಕು.

ನಮ್ಮ ತರಗತಿಯಲ್ಲಿ ಎಲ್ಲವೂ ಸರಿಯಾಗಿದೆಯೆಂದು ನಾನು ಹೇಳುವುದಿಲ್ಲ. ಆಫ್ರಿಕಾದ ರುವಾಂಡಾದ ಪಾಠದಲ್ಲಿ ನಾವೂ ತಡವರಿಸಿದೆವು. 1994ರ ಏಪ್ರಿಲ್ 7ರಿಂದ ಸುಮಾರು ನೂರು ದಿನಗಳಲ್ಲಿ ಅಲ್ಲಿ ಸುಮಾರು 8 ಲಕ್ಷ ಜನರನ್ನು ಕೊಂದರು, ಸತ್ತವರಲ್ಲಿ ಹೆಚ್ಚಿನವರು ಅಲ್ಪಸಂಖ್ಯಾತ ಟುಟ್ಸಿ ಸಮುದಾಯದವರು, ಕೊಂದವರು ಬಹುಸಂಖ್ಯಾತ ಹುಟು ಸಮುದಾಯದ ಉಗ್ರರು. ರಸ್ತೆ ತಡೆಗಳಲ್ಲಿ ಗುರುತಿನ ಚೀಟಿ ನೋಡಿ ಸಾವು ಬದುಕನ್ನು ನಿರ್ಧರಿಸಿದರು. ಆ ಚೀಟಿಯಲ್ಲಿ ಹುಟು, ಟುಟ್ಸಿ ಎಂದು ನಮೂದಿಸುವ ಪದ್ಧತಿಯನ್ನು 1930ರ ದಶಕದಲ್ಲಿ ಬೆಲ್ಜಿಯನ್ ಆಡಳಿತ ತಂದಿತ್ತು. ಇದನ್ನು ಹೇಳುತ್ತಿದ್ದಂತೆ ಒಬ್ಬ ಹುಡುಗ, ‘ಹಾಗಾದರೆ ನಮ್ಮ ಜಾತಿ ಪ್ರಮಾಣಪತ್ರ?’ ಎಂದ. ತರಗತಿ ಸ್ತಬ್ಧವಾಯಿತು. ಅವಸರದಲ್ಲಿ ಮುಂದಿನ ಪುಟಕ್ಕೆ ಹೋಗಬಹುದಾಗಿತ್ತು. ಹೋಗಲಿಲ್ಲ. ಅಂದು ಎರಡು ಗಂಟೆ ಆ ಒಂದು ಪ್ರಶ್ನೆಯ ಮೇಲೆಯೇ ಕೂತೆವು: ತಲೆಮಾರುಗಳ ಅನ್ಯಾಯಕ್ಕೆ ಪರಿಹಾರ ಕೊಡಲು, ಸಂವಿಧಾನದ ಆಶಯದಂತೆ, ವ್ಯಕ್ತಿ ತಾನೇ ಕೇಳಿ ಪಡೆಯುವ ಪತ್ರಕ್ಕೂ, ಪ್ರತಿಯೊಬ್ಬನ ಜೇಬಿನಲ್ಲೂ ಕಡ್ಡಾಯವಾಗಿ ಇರಿಸಿ ಗುರಿಮಾಡಲು ಬಳಸಿದ ಚೀಟಿಗೂ ಇರುವ ಅಂತರವೇನು ಎಂದು. ಆ ಪತ್ರ ಪಡೆದಿದ್ದ ಹುಡುಗಿಯೊಬ್ಬಳು, ಅದನ್ನು ಶಾಲೆಯಲ್ಲಿ ಎಲ್ಲರ ಮುಂದೆ ಜೋರಾಗಿ ಕೇಳಿ ಪಡೆಯುವ ರೀತಿ ತನಗೆ ಹೇಗೆ ಅನಿಸುತ್ತದೆಂದು ಮೊದಲ ಬಾರಿಗೆ ಹೇಳಿದಳು. ಅವಳ ಜೊತೆ ಮೂರು ವರ್ಷ ಓದಿದವರು ಅದನ್ನು ಅಂದು ಕೇಳಿಸಿಕೊಂಡರು.

ರುವಾಂಡಾದಲ್ಲಿ ಆರ್‌ಟಿಎಲ್‌ಎಂ ಎಂಬ ರೇಡಿಯೊ ಕೇಂದ್ರ ಟುಟ್ಸಿಗಳನ್ನು ಜಿರಳೆಗಳೆಂದು ಕರೆಯುತ್ತ ಕೊಲೆಗೆ ಪ್ರಚೋದಿಸಿತು. ಇದನ್ನು ಓದಿದ ಮೇಲೆ ನಾವು ನಮ್ಮ ನಗರದ ಮಾತಿಗೆ ಬಂದೆವು. 2012ರ ಆಗಸ್ಟ್‌ನಲ್ಲಿ ದಾಳಿ ನಡೆಯುತ್ತದೆಂಬ ಸುಳ್ಳು ಸುದ್ದಿ ಮೊಬೈಲ್ ಸಂದೇಶಗಳಲ್ಲಿ ಹರಡಿ, ಈಶಾನ್ಯ ರಾಜ್ಯಗಳ ಸಾವಿರಾರು ಜನ ನಮ್ಮ ಸಿಟಿ ರೈಲು ನಿಲ್ದಾಣದಿಂದ ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರ ಒಮ್ಮೆಗೇ ಬಹಳ ಸಂದೇಶಗಳನ್ನು ಕಳುಹಿಸದಂತೆ ಕೆಲವು ದಿನ ನಿರ್ಬಂಧ ಹೇರಬೇಕಾಯಿತು. ಅದು ಜನಾಂಗಹತ್ಯೆಯಲ್ಲ, ಆ ಪದವನ್ನು ಸಡಿಲವಾಗಿ ಬಳಸಬಾರದೆಂದು ಮಕ್ಕಳಿಗೆ ಪದೇ ಪದೇ ಹೇಳುತ್ತೇನೆ. ಆದರೆ ಸುದ್ದಿಯೊಂದನ್ನು ಮುಂದಕ್ಕೆ ಕಳುಹಿಸುವ ಬೆರಳು ಯಾರದು ಎಂದು ಯೋಚಿಸಲು ಅದು ಹತ್ತಿರದ ಉದಾಹರಣೆ.

ಅದೇ ತರಗತಿಯಲ್ಲಿ ನಾನು ನನ್ನ ವಿಷಯವನ್ನೂ ಹೇಳಿದೆ. 1991ರ ಡಿಸೆಂಬರ್‌ನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಪ್ರಕಟವಾದ ಬೆನ್ನಿಗೆ ಈ ನಗರದಲ್ಲಿ ತಮಿಳರ ಮೇಲೆ ದಾಳಿಗಳಾದವು. ಆಗ ನಾನು ಎಳೆಯ ಮೇಷ್ಟ್ರು. ಪಕ್ಕದ ಮನೆಯ ತಮಿಳು ಕುಟುಂಬದವರು ಬಾಗಿಲಿನ ನಾಮಫಲಕವನ್ನು ಬಿಚ್ಚುತ್ತಿದ್ದಾಗ ಸ್ಕ್ರೂಡ್ರೈವರ್ ಕೊಟ್ಟೆ. ಅವರನ್ನು ನಮ್ಮ ಮನೆಗೆ ಕರೆಯಲಿಲ್ಲ. ರಾತ್ರಿ ಎರಡು ಮನೆಯಾಚೆ ಕಲ್ಲು ಬಿದ್ದ ಸದ್ದು ಕೇಳಿದಾಗ ಕಿಟಕಿ ಮುಚ್ಚಿದೆ. ಈ ಮಾತು ಕೇಳಿದ ಮಕ್ಕಳು ನನ್ನನ್ನು ನೋಡಿದ ನೋಟ ಇಂದಿಗೂ ನೆನಪಿದೆ. 1943ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕಿನ ಬೆಸ್ತರೂ ಬೇರೆ ಸಾಮಾನ್ಯ ಜನರೂ 7,000ಕ್ಕೂ ಹೆಚ್ಚು ಯಹೂದಿಗಳನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದ ಪ್ರಸಂಗವನ್ನು ಅದರ ಮುಂದಿನ ವಾರ ಓದಿದಾಗ, ‘ಅವರ ಕಿಟಕಿಗಳೂ ಮುಚ್ಚಬಹುದಾಗಿತ್ತು ಅಲ್ವಾ ಸರ್’ ಎಂದು ಒಬ್ಬಳು ಹೇಳಿದಳು.

ಹೀಗಾಗಿ ತಮ್ಮಲ್ಲಿ ನನ್ನ ವಿನಂತಿಗಳಿವೆ. ಮೊದಲನೆಯದು, ದಯವಿಟ್ಟು ಈ ಪತ್ರ ಓದಿ ಇಂಥ ಕಾರ್ಯಕ್ರಮಗಳನ್ನು ನಿಲ್ಲಿಸಬೇಡಿ. ತಕರಾರು ಬಂದಾಗ ನಿಲ್ಲಿಸುವುದು ಸುಲಭದ ದಾರಿ. ಎಸ್ಸೆಸ್ಸೆಲ್ಸಿಗೆ ಇದೆಲ್ಲ ಯಾಕೆ ಎನ್ನುವ ಪೋಷಕರೂ ಅದನ್ನೇ ಬಯಸಬಹುದು. ಬದಲಾಗಿ ಒಂದು ಸುತ್ತೋಲೆ ಹೊರಡಿಸಿ. ಯಾವ ಶಾಲೆಯಲ್ಲೂ ಕೊಂದವರ, ಸತ್ತವರ ಪಾತ್ರಗಳಲ್ಲಿ ಮಕ್ಕಳನ್ನು ನಿಲ್ಲಿಸಬಾರದೆಂದು ಅದರಲ್ಲಿ ಇರಲಿ. ಹೆಣಗಳ ಚಿತ್ರಗಳನ್ನು ತೋರಿಸಬಾರದೆಂದೂ, ಸಾವಿನ ಸಂಖ್ಯೆಗಳ ಮೇಲೆ ರಸಪ್ರಶ್ನೆ, ಬಹುಮಾನಗಳು ಬೇಡವೆಂದೂ ಇರಲಿ. ಎಂಟನೆಯ ತರಗತಿಗಿಂತ ಕೆಳಗಿನವರಿಗೆ ಈ ವಿಷಯ ಬೇಡ. ಹೊರಗಿನ ತಂಡಗಳು ತಾವು ಹೇಳುವುದನ್ನು, ತೋರಿಸುವುದನ್ನು ಮುಂಚಿತವಾಗಿ ಶಾಲೆಗೆ ಕೊಟ್ಟು, ತರಗತಿ ಶಿಕ್ಷಕರು ಅದನ್ನು ಓದಿರಬೇಕು, ಕಾರ್ಯಕ್ರಮದಲ್ಲಿ ಕೊನೆಯವರೆಗೂ ಕೂತಿರಬೇಕು, ಮರುದಿನ ಮಕ್ಕಳೊಂದಿಗೆ ಮಾತಾಡಲು ಒಂದು ಪೂರ್ತಿ ಪೀರಿಯಡ್ ಇಟ್ಟಿರಬೇಕು. ಆ ಮರುದಿನದ ಪೀರಿಯಡ್ ಇಲ್ಲದಿದ್ದರೆ ಕಾರ್ಯಕ್ರಮವೇ ಬೇಡ ಎನ್ನುವಷ್ಟು ಅದು ಮುಖ್ಯವೆಂದು ನನ್ನ ಅನುಭವ.

ಬದುಕುಳಿದವರನ್ನು ಕರೆಸುವುದಾದರೆ ಅವರನ್ನು ವಾರ್ಷಿಕೋತ್ಸವದ ವೇದಿಕೆಗೆ ಕರೆಯಬೇಡಿ, ತರಗತಿಗೆ ಕರೆಯಿರಿ. ಮೂವತ್ತು ಮಕ್ಕಳು ಸಾಕು. ಅವರಿಗೆ ಬೇಕಾದಷ್ಟು ಹೊತ್ತು ಕೊಡಿ. ಏನು ಹೇಳಬೇಕೆಂದು ಯಾರೂ ಸೂಚಿಸುವುದು ಬೇಡ. ಅವರ ಒಪ್ಪಿಗೆಯಿಲ್ಲದೆ ವಿಡಿಯೊ ಬೇಡ.

ಎರಡನೆಯ ದೊಡ್ಡ ವಿನಂತಿ ಭಾಷೆಯದು. 1994ರಲ್ಲಿ ಆರಂಭವಾದ ಷೋವಾ ಫೌಂಡೇಷನ್ 50,000ಕ್ಕೂ ಹೆಚ್ಚು ಜನರ ಸಾಕ್ಷ್ಯಗಳನ್ನು ವಿಡಿಯೊದಲ್ಲಿ ದಾಖಲಿಸಿದೆ. ನಾವು ಬಳಸಿದ ಸಾಕ್ಷ್ಯಗಳ ಇಂಗ್ಲಿಷ್ ಅಡಿಬರಹ ಓದಲು ಕನ್ನಡ ಮಾಧ್ಯಮದ ಮಕ್ಕಳು ಒದ್ದಾಡಿದರು. ನಾನು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುವಷ್ಟರಲ್ಲಿ ಮಾತಾಡುತ್ತಿದ್ದವರ ಮುಖವನ್ನು ನೋಡಲು ಅವರಿಗೆ ಸಮಯವೇ ಸಿಗುತ್ತಿರಲಿಲ್ಲ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮನಸ್ಸು ಮಾಡಿದರೆ ಹತ್ತು ಸಾಕ್ಷ್ಯಗಳನ್ನು ಅನುಮತಿ ಪಡೆದು ಒಳ್ಳೆಯ ಕನ್ನಡಕ್ಕೆ ತರಿಸುವುದು, ಅವುಗಳೊಂದಿಗೆ ಶಿಕ್ಷಕರಿಗೊಂದು ಕೈಪಿಡಿ ಸಿದ್ಧಪಡಿಸುವುದು ಒಂದು ವರ್ಷದ ಕೆಲಸ. ಕಾಂಬೋಡಿಯಾದಲ್ಲಿ 1975ರಿಂದ 1979ರವರೆಗೆ ಪೋಲ್ ಪಾಟ್ ನಾಯಕತ್ವದ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಕ್ಷದ ಆಳ್ವಿಕೆ ನಡೆಸಿದ ಸೆರೆಮನೆಗಳಲ್ಲಿ ಕುಖ್ಯಾತವಾದ ಟುವೋಲ್ ಸ್ಲೆಂಗ್ ಒಂದು ಪ್ರೌಢಶಾಲೆಯಾಗಿತ್ತು. ತರಗತಿಗಳಿಗೆ ಇಟ್ಟಿಗೆ ಗೋಡೆ ಕಟ್ಟಿ ಕೋಣೆಗಳನ್ನು ಮಾಡಿದ್ದರು. ಅಲ್ಲಿಂದ ಉಳಿದು ಬಂದ ಬೆರಳೆಣಿಕೆಯ ಜನರಲ್ಲಿ ಒಬ್ಬರಾದ ಚಿತ್ರಕಾರ ವಾನ್ ನಾಥ್ ಅವರು ಬದುಕಿದ್ದು, ಪೋಲ್ ಪಾಟ್‌ನ ಚಿತ್ರ ಬರೆಯಲು ಬೇಕಾಗಿದ್ದರಿಂದ. ಉದ್ದನೆಯ ಜಗಲಿಯ ಆ ಕಟ್ಟಡದ ಹೊರಗಿನ ಚಿತ್ರವೊಂದನ್ನು ತೋರಿಸಿದರೆ ಸಾಕು, ನಮ್ಮ ಸರ್ಕಾರಿ ಶಾಲೆಯ ಮಗು ಉಳಿದದ್ದನ್ನು ತಾನೇ ಕೇಳುತ್ತದೆ. ಅದಕ್ಕೆ ಉತ್ತರ ಕೊಡಬಲ್ಲ ಕನ್ನಡ ಪುಟಗಳು ಶಿಕ್ಷಕರ ಕೈಯಲ್ಲಿರಬೇಕು.

ಮುಖ್ಯೋಪಾಧ್ಯಾಯ ಬಂಧುಗಳಲ್ಲಿ ನನ್ನದೊಂದು ಪ್ರತ್ಯೇಕ ಕೋರಿಕೆ. ಮುಂದಿನ ಜನವರಿಯ ಕಾರ್ಯಕ್ರಮಕ್ಕೆ ಮೊದಲು ನಿಮ್ಮ ಎಂಟನೆಯ ತರಗತಿಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಯಾರು ಕೂತಿದ್ದಾರೆಂದು ನೋಡಿ ಬನ್ನಿ.

ನಮ್ಮ ಹೊಸ ತಂಡದ ತರಗತಿ ಮುಂದಿನ ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ಮೂರಕ್ಕೆ ಆರಂಭವಾಗುತ್ತದೆ. ನಕ್ಷತ್ರ ಚುಚ್ಚಿಸಿಕೊಂಡಿದ್ದ ಆ ಹುಡುಗಿಯ ಮನೆಗೆ ಹೋಗಿ ಕರೆದು ಬಂದಿದ್ದೇನೆ. ಅವಳ ತಾಯಿ ಕಳುಹಿಸಲು ಒಪ್ಪಿದ್ದಾರೆ. ಅವಳ ಪ್ರಶ್ನೆಯಿಂದಲೇ ತರಗತಿ ಶುರುಮಾಡಲಿದ್ದೇನೆ, ಈ ಸಲ ‘ಬರೀ ನಾಟಕ’ ಎನ್ನುವುದಿಲ್ಲ. ಅಜ್ಜಿಯೂ ಬರುವೆನೆಂದಿದ್ದಾರೆ, ಆದರೆ ಮಾತಾಡುತ್ತಾರೋ ಇಲ್ಲವೋ ಅವರಿಗೆ ಬಿಟ್ಟದ್ದು. ತಾವಾಗಲಿ, ತಮ್ಮ ಕಚೇರಿಯಿಂದ ಯಾರಾದರಾಗಲಿ ಬಂದರೆ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇಟ್ಟಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ
ಬೆಂಗಳೂರು